ಪುಟ್ಟಿಯ ಪಕ್ಕೆ ಮೇಲಿನ ಚುಕ್ಕಿಗಳು

ನಮಗೆ ಅಲರ್ಜಿ ಅಂದರೆ ಸೀನು, ಸುರಿಯುವ ಮೂಗು. ನಾಯಿಗಳಿಗೆ ಹೆಚ್ಚಾಗಿ ಚರ್ಮದ ತುರಿಕೆ. ನಮ್ಮ ಪುಟ್ಟಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಪಾದ ನೆಕ್ಕುವ ಚಟ ಹತ್ತಿತು. ನೆಕ್ಕಿ ನೆಕ್ಕಿ ಬೆರಳ ಸಂದಿನ ಬಿಳಿ ಕೂದಲು ಕಂದಾಯಿತು. ಆಮೇಲೆ ಕಿವಿ, ಕಂಕುಳು, ಹೊಟ್ಟೆ. ರಾತ್ರಿ ಅವಳು ಕೆರೆದುಕೊಳ್ಳುವ ಸದ್ದಿಗೆ ನಮ್ಮೆಲ್ಲರ ನಿದ್ದೆ ಹಾಳು.

ಡಾಕ್ಟರ್ ಮೊದಲು ಚಿಗಟಕ್ಕೆ ಔಷಧಿ ಹಾಕಿಸಿದರು. ಕಿವಿಯ ಕೊಳೆಯಲ್ಲಿ ಯೀಸ್ಟ್ ಕಂಡಿತು, ಅದಕ್ಕೆ ಬೇರೆ ಚಿಕಿತ್ಸೆ. ಆಮೇಲೆ 8 ವಾರ ಒಂದೇ ಬಗೆಯ ಆಹಾರ, ಬಿಸ್ಕತ್ತಿನ ಚೂರೂ ಇಲ್ಲ. ತುರಿಕೆ ಜಗ್ಗಲಿಲ್ಲ. ಉಳಿದದ್ದು ಪರಿಸರದ ಅಲರ್ಜಿ. ಚರ್ಮದ ಪರೀಕ್ಷೆ ಮಾಡೋಣ ಅಂದರು. "ಅಲರ್ಜಿ ಇದೆಯಾ ಇಲ್ವಾ ಅಂತ ಹೇಳೋದಕ್ಕಲ್ಲ ಇದು. ಅಲರ್ಜಿ ತಗ್ಗಿಸೋಕೆ ಕೊಡೋ ಇಂಜೆಕ್ಷನ್‌ನಲ್ಲಿ ಏನು ಸೇರಿಸಬೇಕು ಅಂತ ತಿಳಿಯೋದಕ್ಕೆ" ಅಂತ ಬಿಡಿಸಿ ಹೇಳಿದರು.

ಪರೀಕ್ಷೆಗೆ ಮುಂಚೆ ತುರಿಕೆ ತಗ್ಗಿಸುವ ಸ್ಟೀರಾಯ್ಡ್ ಔಷಧಿ ನಿಲ್ಲಿಸಬೇಕು, ಇಲ್ಲದಿದ್ದರೆ ದದ್ದು ಏಳುವುದೇ ಇಲ್ಲ. ಆ ವಾರಗಳೇ ಎಲ್ಲಕ್ಕಿಂತ ಕಷ್ಟ. ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿಕೊಂಡು ಬಾಗಿಲಿಗೆಲ್ಲ ಡಿಕ್ಕಿ ಹೊಡೆಯುತ್ತಿದ್ದಳು ಪಾಪ.

ಆ ದಿನ ಮಂಪರು ಬರುವ ಮದ್ದು ಕೊಟ್ಟು, ಒಂದು ಪಕ್ಕೆಯ ಕೂದಲು ಬೋಳಿಸಿ, ಪೆನ್ನಿನಿಂದ ಸಾಲು ಸಾಲು ಚುಕ್ಕಿ ಇಟ್ಟರು. ಪ್ರತಿ ಚುಕ್ಕಿಯ ಹತ್ತಿರ ಒಂದು ಪುಟ್ಟ ಚುಚ್ಚು, ಅಲರ್ಜಿ ತರಬಹುದಾದ ಒಂದೊಂದು ವಸ್ತುವಿನದು. ಒಂದು ಕಡೆ ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ಮೈಯಲ್ಲಿ ಊತ ತರುವ ರಾಸಾಯನಿಕ, ಅದು ಊದಲೇಬೇಕು. ಇನ್ನೊಂದು ಕಡೆ ಬರೀ ಸಲೈನ್ (ಉಪ್ಪುನೀರು), ಅದು ಊದಬಾರದು. ಉಳಿದದ್ದನ್ನೆಲ್ಲ ಇವೆರಡರ ಜೊತೆ ಹೋಲಿಸಿ ನೋಡುತ್ತಾರೆ. ಕಾಲು ಗಂಟೆ ಕಳೆಯುವಷ್ಟರಲ್ಲಿ ಸೊಳ್ಳೆ ಕಚ್ಚಿದ ಹಾಗೆ ದದ್ದುಗಳು ಎದ್ದವು. ಹುಲ್ಲಿನ ಚುಕ್ಕಿಗಳು ಮಾತ್ರ ಚಪ್ಪಟೆ! ಹುಲ್ಲಿನ ಮೇಲೆ ಹೊರಳಾಡುವುದೇ ಕಾರಣ ಅಂತ ಅಮ್ಮ ಅವಳನ್ನು ಒಳಗೇ ಕೂಡಿಹಾಕುತ್ತಿದ್ದರು. ಜಾಸ್ತಿ ಊದಿದ್ದು ಮನೆಯ ದೂಳಿನ ನುಸಿಯ ಚುಕ್ಕಿ. ಕಣ್ಣಿಗೆ ಕಾಣದ ಈ ಜೀವಿಗೆ ಉದುರಿದ ಚರ್ಮದ ಹೊಟ್ಟೇ ಊಟ. ಹಾಸಿಗೆ, ದಿಂಬು, ಕಾರ್ಪೆಟ್ಟೇ ಮನೆ. ಪುಟ್ಟಿ ಮಲಗುವುದು ಎಲ್ಲಿ ಅಂತೀರಿ? ನಮ್ಮ ಹಾಸಿಗೆಯ ಮೇಲೇ.

ಈಗ ಅವಳ ಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯುತ್ತೇವೆ. ನುಸಿ ಸಾಯಲು ಅಷ್ಟು ಬಿಸಿ ಬೇಕು. ತುರಿಕೆಗೆ ಬೇರೆ ಮಾತ್ರೆ ನಡೆಯುತ್ತಿದೆ. ನಮ್ಮ ಶೀತದ ಮಾತ್ರೆಯನ್ನೇ ಚೂರು ಕೊಡಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಅದರಲ್ಲಿ ಮೂಗು ಕಟ್ಟಿದ್ದಕ್ಕೆ ಸೇರಿಸುವ ಸ್ಯೂಡೋಎಫೆಡ್ರಿನ್ ನಾಯಿಯ ಜೀವಕ್ಕೇ ಕುತ್ತು, ಸುಮ್ನೆ ಕೊಡುವಂಥದ್ದಲ್ಲ.

ನುಸಿಯ ಅಂಶವನ್ನೇ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಚುಚ್ಚಿ ಮೈಗೆ ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಶುರುವಾಗಿದೆ. ಎಲ್ಲ ನಾಯಿಗಳಿಗೂ ಇದು ಹತ್ತುವುದಿಲ್ಲ, ಹತ್ತಿತೋ ಇಲ್ಲವೋ ಅನ್ನಲು ಒಂದು ವರ್ಷ ಬೇಕಂತೆ. ಸದ್ಯಕ್ಕೆ ಕಿವಿ ಶುಭ್ರವಾಗಿದೆ. ಪಾದ ನೆಕ್ಕುವುದು ಇನ್ನೂ ಪೂರ್ತಿ ನಿಂತಿಲ್ಲ. ಹಾಸಿಗೆಯಿಂದ ಕೆಳಗಿಳಿಸಿದ್ದಕ್ಕೆ ಅವಳ ಮುನಿಸೂ ಇಳಿದಿಲ್ಲ.