ಬಾಲಮಂದಿರದಿಂದ ಮನೆಗೆ ಮರಳಿದ ಮೇಲೆ

ಬಾಲಮಂದಿರದ ಮಕ್ಕಳೆಲ್ಲ ಅನಾಥರೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ತಾಯಿಯೋ ತಂದೆಯೋ ಅಜ್ಜಿಯೋ ಇದ್ದರೂ ಬಡತನ, ಕಾಯಿಲೆ, ಕುಡಿತಗಳ ಕಾರಣದಿಂದ ಅಲ್ಲಿಗೆ ಸೇರಿದ ಮಕ್ಕಳು ಬಹಳ ಮಂದಿ ಇದ್ದಾರೆ. ಆದ್ದರಿಂದಲೇ 2015ರ ಬಾಲನ್ಯಾಯ ಕಾಯ್ದೆಯು, ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಿರಬೇಕು ಮತ್ತು ಮಗು ಆದಷ್ಟು ಬೇಗ ತನ್ನ ಕುಟುಂಬಕ್ಕೆ ಮರಳಬೇಕು ಎಂಬ ತತ್ವಗಳನ್ನು ತನ್ನ 3ನೇ ಸೆಕ್ಷನ್ನಿನಲ್ಲಿಯೇ ಹೇಳಿದೆ.

ಕಾಲಮಿತಿಗಳೂ ಇವೆ. ಮಗು ಸಿಕ್ಕ 24 ಗಂಟೆಗಳೊಳಗೆ ಅದನ್ನು, ಇಂಥ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಮಗುವಿನ ಮನೆಯ ಸ್ಥಿತಿಗತಿ ತಿಳಿಯುವ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶವಾಗಬೇಕು. ಆದರೆ ಯಾದಗಿರಿಯಿಂದ ಬೆಂಗಳೂರಿಗೆ ಗುಳೆ ಬಂದ ಕುಟುಂಬವನ್ನು ನೆನೆಯಿರಿ: ಪಡಿತರ ಚೀಟಿ ಊರಿನಲ್ಲಿರುತ್ತದೆ, ಶೆಡ್ಡು ಕಟ್ಟಡದ ಕೆಲಸ ಮುಗಿದೊಡನೆ ಬೇರೆಡೆಗೆ ಹೋಗುತ್ತದೆ, ತನಿಖೆಗೆ ಬಂದವರು ಯಾವ ವಿಳಾಸಕ್ಕೆ ಹೋಗಬೇಕು?

2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 2021ರ ತಿದ್ದುಪಡಿಯಲ್ಲಿ ಎಲ್ಲರ ಗಮನ ಸೆಳೆದದ್ದು, ದತ್ತು ಆದೇಶದ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದ ಸಂಗತಿ. ಹೊಸ ಕುಟುಂಬಕ್ಕಾಗಿ ಕಾಯುವ ಮಕ್ಕಳಿಗೆ ಅದು ಒಳಿತೇ ಇರಬಹುದು. ಹೆತ್ತವರ ಬಳಿಗೆ ಮರಳುವ ಮಕ್ಕಳ ಪಾಲಿಗೆ ಅದೇ ತಿದ್ದುಪಡಿಯಿಂದ ಬಂದದ್ದು ಮುಖ್ಯವಾಗಿ ಒಂದು ತ್ರೈಮಾಸಿಕ ವರದಿ. ಮನೆಗೆ ಮರಳಿದವರು, ತೀರಿಕೊಂಡವರು, ಓಡಿಹೋದವರು, ಮೂವರ ಲೆಕ್ಕವೂ ಅದರಲ್ಲಿ ಒಟ್ಟಿಗೇ ಹೋಗಬೇಕು. (ಆ ವಾಕ್ಯವನ್ನು ಬರೆದವರಿಗೆ ಏನೂ ಅನ್ನಿಸಲಿಲ್ಲವೇ?)

ಮಗುವನ್ನು ಮರಳಿಸುವುದು ಸುಲಭ, ಅದು ಮನೆಯಲ್ಲಿ ನೆಲೆ ನಿಲ್ಲುವಂತೆ ಮಾಡುವುದು ಕಷ್ಟ ಎಂಬುದು ಕೋವಿಡ್ ಕಾಲದಲ್ಲಿ ಸ್ಪಷ್ಟವಾಯಿತು. 2020ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಮಕ್ಕಳನ್ನು ಮನೆಗೆ ಮರಳಿಸುವಂತೆ ಸೂಚಿಸಿತು. ಹಾಗೆ ಮರಳಿದವರ ಓದಿಗಾಗಿ ತಿಂಗಳಿಗೆ 2,000 ರೂಪಾಯಿ ನೀಡಬೇಕೆಂದು ಸುಪ್ರೀಂ ಕೋರ್ಟೇ ಡಿಸೆಂಬರ್‌ನಲ್ಲಿ ಹೇಳಬೇಕಾಯಿತು. ಈಗ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಆದರೆ ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿಗಳನ್ನು ಮೀರುವಂತಿಲ್ಲ. ನಗರದಲ್ಲಿ ಗಂಡಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋದರೆ ಆ ಮಿತಿ ದಾಟಿಹೋಗುತ್ತದೆ. ಆದರೂ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಮಿಷನ್ ವಾತ್ಸಲ್ಯದ ಮಾರ್ಗಸೂಚಿಯ ಮುಂದಿನ ತಿದ್ದುಪಡಿಯಲ್ಲಿ ಈ ಆದಾಯ ಮಿತಿಯನ್ನು ಏರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಮುಖ್ಯವಾಗಿ, ಮಗುವನ್ನು ಮರಳಿಸುವ ಆದೇಶಕ್ಕೆ ಸಹಿ ಬೀಳುವ ದಿನವೇ ನೆರವಿನ ಮಂಜೂರಾತಿಗೂ ಸಹಿ ಬೀಳಬೇಕು. ಅದಕ್ಕಾಗಿ ತಾಯಿ ಮತ್ತೊಂದು ಅರ್ಜಿ ಹಿಡಿದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅಲೆಯುವಂತಾಗಬಾರದು.