ಚಿಕ್ಕಬಳ್ಳಾಪುರದಿಂದ ಮೊನಾಕೊ ಯಾಟ್ ಶೋಗೆ

ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ ಬೆಂಗಳೂರಿನ ಎಷ್ಟೋ ಬಡಾವಣೆಯವರಿಗಿಂತ ಹತ್ತಿರ. ಅನುಕೂಲ ಅಲ್ಲಿಗೆ ಮುಗಿಯಿತು. ಯಾಟ್ ಶೋ, ಅಂದರೆ ಐಷಾರಾಮಿ ವಿಹಾರ ಹಡಗುಗಳ ಪ್ರದರ್ಶನ, ನಡೆಯುವ ಪುಟ್ಟ ದೇಶ ಮೊನಾಕೊದಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಫ್ರಾನ್ಸಿನ ನೀಸ್‌ನಲ್ಲಿ ಇಳಿದು ರೈಲು ಹಿಡಿಯಬೇಕು. ವೀಸಾ ಕೂಡ ಫ್ರಾನ್ಸಿನ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ) ವೀಸಾ. ಪ್ರಯಾಣಕ್ಕೆ 6 ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಉಳಿದುಕೊಳ್ಳಲು ನೀಸ್ ಸಾಕು, ರೈಲಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ.

1991ರಲ್ಲಿ ಶುರುವಾದ ಈ ಶೋ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಪೋರ್ಟ್ ಹರ್ಕ್ಯೂಲ್ ಬಂದರಿನಲ್ಲಿ ನಡೆಯುತ್ತದೆ. ಹೆಚ್ಚಿನವರು ಎಡವುವುದು ಟಿಕೆಟ್ ವಿಷಯದಲ್ಲಿ. ಅದು ಹಡಗು ನಿಲ್ಲುವ ಬಂದರಿನ ಕಟ್ಟೆಯ ಮೇಲೆ ಓಡಾಡಲು ಮಾತ್ರ. ಹಡಗು ಹತ್ತಲು ಅದನ್ನು ಮಾರುವ ಬ್ರೋಕರ್ ಅಥವಾ ಕಟ್ಟಿದ ಕಂಪನಿಯಿಂದ ಮೊದಲೇ ಸಮಯ ಪಡೆದಿರಬೇಕು. ಹತ್ತುವ ಮುನ್ನ ಚಪ್ಪಲಿ, ಶೂ ಬುಟ್ಟಿಗೆ. ದೇವಸ್ಥಾನದ ಭಕ್ತಿಯಲ್ಲ, ಅಟ್ಟೆಗೆ ಅಂಟಿದ ಮರಳು ಹಡಗಿನ ನೆಲದ ತೇಗದ ಹಲಗೆಯನ್ನು ಗೀರುತ್ತದೆ. ಕಾಲುಚೀಲದಲ್ಲಿ ತೂತಿರದಂತೆ ನೋಡಿಕೊಳ್ಳಿ!

ಹಡಗುಗಳನ್ನು ನಿಲ್ಲಿಸಿರುವ ರೀತಿಯನ್ನೂ ಗಮನಿಸಿ. ಮುಂದೆ ಲಂಗರು ಇಳಿಸಿ, ಹಿಮ್ಮುಖವಾಗಿ ಬಂದು ಹಿಂಭಾಗವನ್ನು ಕಟ್ಟೆಗೆ ಹಗ್ಗದಿಂದ ಬಿಗಿಯುತ್ತಾರೆ. ಒತ್ತೊತ್ತಾಗಿ ನಿಂತಾಗ ಒಬ್ಬರ ಲಂಗರಿನ ಸರಪಳಿಯ ಮೇಲೆ ಇನ್ನೊಬ್ಬರದು ಬಿದ್ದು, ಹೊರಡುವಾಗ ಕೆಳಗಿನ ಲಂಗರು ಮೇಲೇಳುವುದಿಲ್ಲ.

24 ಮೀಟರ್ ಉದ್ದ ದಾಟಿದ ಯಾಟನ್ನು ಸಾಮಾನ್ಯವಾಗಿ ಸೂಪರ್‌ಯಾಟ್ ಎನ್ನುತ್ತಾರೆ. ಆದರೆ ಉದ್ದಕ್ಕೆ ಮರುಳಾಗಬೇಡಿ, ಗ್ರಾಸ್ ಟನೇಜ್ ಕೇಳಿ. ಅದು ತೂಕವಲ್ಲ, ಒಳಗಿನ ಒಟ್ಟು ಜಾಗದ ಅಳತೆ. ಈ ಅಳತೆ 500 ಮುಟ್ಟಿದರೆ ಸುರಕ್ಷತೆಯ ನಿಯಮಗಳು ಬಿಗಿಯಾಗಿ ಖರ್ಚು ಏರುತ್ತದೆ. ಮಾಹಿತಿ ಪತ್ರಗಳಲ್ಲಿ 499 ಎಂಬ ಅಂಕಿ ಪದೇ ಪದೇ ಕಾಣುವುದು ಇದಕ್ಕೇ.