ಬ್ರಾಂಪ್ಟನ್‌ನಲ್ಲಿ ಹಿತಕಿದ ಬೇಳೆ ಸಾರು

ಸಂಕ್ರಾಂತಿ ಅಂದರೆ ಎಲ್ಲರಿಗೂ ಎಳ್ಳು ಬೆಲ್ಲ. ಚಿಂತಾಮಣಿ ಕಡೆಯವರಾದ ನಮಗೆ ಅವರೆಕಾಯಿಯೂ ಇರಲೇಬೇಕು. ಬೆಳಿಗ್ಗೆ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸಿ ದೇವರ ಮುಂದಿಡುತ್ತೇವೆ. ಮಧ್ಯಾಹ್ನ ಸಿಹಿ ಪೊಂಗಲ್. ಸಂಜೆ ದನಗಳಿಗೆ ಕಿಚ್ಚು ಹಾಯಿಸಿ ಬಂದ ಮೇಲೆ ಬಿಸಿ ಮುದ್ದೆ, ನೆನೆದ ಅವರೆಕಾಳನ್ನು ಒತ್ತಿ ಸಿಪ್ಪೆ ತೆಗೆದು ಮಾಡುವ ಹಿತಕಿದ ಬೇಳೆ ಸಾರು. ನನಗಂತೂ ಹಬ್ಬ ಅಂದರೆ ಆ ಸಾರೇ.

ಈಗ ನಾವಿರುವುದು ಕೆನಡಾದಲ್ಲಿ, ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ. ಎಳ್ಳು, ಕೊಬ್ಬರಿ, ಹುರಿಗಡಲೆ, ರಾಗಿಹಿಟ್ಟು ಎಲ್ಲ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತವೆ. ಅವರೆಕಾಳು ಬೇಕಾದರೆ ಫ್ರೀಜರ್ ಹತ್ತಿರ ಹೋಗಿ 'ಸೂರ್ತಿ ಪಾಪ್ಡಿ ಲಿಲ್ವಾ' ಪ್ಯಾಕೆಟ್ ಹುಡುಕಬೇಕು. ಗುಜರಾತಿನವರು ಇದೇ ಹಬ್ಬಕ್ಕೆ ಮಾಡುವ ಉಂಧಿಯೂ ಅನ್ನುವ ತರಕಾರಿ ಅಡುಗೆಗೆ ಈ ಅವರೆಯೂ ಬೀಳುತ್ತದೆ. ಪಕ್ಕದಲ್ಲೇ 'ತುವರ್ ಲಿಲ್ವಾ' ಇರುತ್ತದೆ, ಅದು ಹಸಿ ತೊಗರಿಕಾಳು. ಹೊಸಬರು ನೋಡಿ ತೆಗೆದುಕೊಳ್ಳಿ.

ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದ ವರ್ಷದ ಹಬ್ಬವನ್ನು ನಾನು ಮರೆಯುವ ಹಾಗೇ ಇಲ್ಲ. ಹೊರಗೆ ಮೈನಸ್ 15. ಊರಲ್ಲಿ ಕಾಳು ಹಿತಕುವ ಹೊತ್ತಿಗೆ ಅಪ್ಪ ಯಾವತ್ತೂ ಮನೆಯಲ್ಲಿ ಇರುತ್ತಿರಲಿಲ್ಲ, ಹೊಲದಲ್ಲೋ ಕೊಟ್ಟಿಗೆಯಲ್ಲೋ ಇರುತ್ತಿದ್ದರು. ಇಲ್ಲಿ ಎಲ್ಲಿಗೆ ಹೋಗುತ್ತಾರೆ? ಬಿಸಿನೀರಲ್ಲಿ ನೆನೆದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ನನ್ನ ಮಗನ ಜೊತೆ ನೆಲದ ಮೇಲೆ ಕೂತರು. ಒಂದು ಹಿಡಿ ಕಾಳು ಎತ್ತಿ ಮೂಸಿದರು.

"ಸೊಗಡೇ ಇಲ್ಲ ಕಣಮ್ಮ."

"ಫ್ರೀಜರ್‌ದಲ್ವಾಪ್ಪ, ಎಲ್ಲಿಂದ ಬರುತ್ತೆ?"

"ಇಬ್ಬನಿ ಬೀಳಬೇಕು ಕಾಯಿ ಮೇಲೆ. ಆಗ ನೋಡು."

ಆಮೇಲೆ ಮೊಮ್ಮಗನಿಗೆ ಪಾಠ ಶುರುವಾಯಿತು. ರಾಗಿ ಹೊಲದಲ್ಲಿ ನಡುನಡುವೆ ಅವರೆಯ ಅಕ್ಕಡಿ ಸಾಲು ಹಾಕುವುದು, ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತಿರುವುದು. ನಾಟಿ ಅವರೆ ಹಗಲು ಚಿಕ್ಕದಾಗುವ ತನಕ ಹೂ ಬಿಡುವುದಿಲ್ಲ, ಅದಕ್ಕೇ ಚಳಿಗಾಲದ ಬೆಳೆ. ಈಗ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳಿವೆ. ರೈತರಿಗೆ ಒಳ್ಳೆಯದೇ. ಆದರೂ ಚಳಿಗಾಲದ ಕಾಯಿ ಸುಲಿದಾಗ ಕೈಗೆ ಅಂಟುವ ಆ ಎಣ್ಣೆ ಜಿಡ್ಡು, ಆ ವಾಸನೆ ಬೇರೆಯೇ ಅನ್ನುವುದರಲ್ಲಿ ಅಪ್ಪನಿಗೂ ನನಗೂ ಒಂದೇ ಅಭಿಪ್ರಾಯ.

ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಿಮ್ಮುತ್ತದೆ. ಮಗ ಒತ್ತಿದ್ದೆಲ್ಲ ಸೋಫಾ ಕೆಳಗೆ ಹೋಗುತ್ತಿತ್ತು. ತಾತ ಬೈಯಲಿಲ್ಲ, ಅವನ ಪುಟ್ಟ ಕೈ ಹಿಡಿದು ಪಾತ್ರೆಯ ಕಡೆಗೆ ತಿರುಗಿಸಿದರು. ಅವರು ನನ್ನ ಕೈ ಹಾಗೆ ಹಿಡಿದು ಏನನ್ನೂ ಕಲಿಸಿರಲಿಲ್ಲ, ಬಿಡುವೇ ಇರಲಿಲ್ಲ ಅವರಿಗೆ. ನಾನು ಸುಮ್ನೆ ಒಲೆಯ ಹತ್ತಿರ ನಿಂತು ನೋಡುತ್ತಿದ್ದೆ. ಕೊನೆಗೆ ಉಳಿದ ಸಿಪ್ಪೆಯನ್ನು ಕಸಕ್ಕೆ ಹಾಕಲು ಅವರಿಗೆ ಮನಸ್ಸೇ ಬರಲಿಲ್ಲ. ಊರಲ್ಲಾದರೆ ಹಸುವಿಗೆ ಆಗುತ್ತಿತ್ತು.

ಕಿಚ್ಚು ಹಾಯಿಸುವುದನ್ನು ಅವತ್ತು ಬೆಳಿಗ್ಗೆಯೇ ನೋಡಿಯಾಗಿತ್ತು. ಊರಿನ ಸಂಜೆ ಆರೂವರೆ ಅಂದರೆ ಇಲ್ಲಿ ಬೆಳಿಗ್ಗೆ ಎಂಟು. ಆಗಷ್ಟೇ ಬೆಳಕಾಗುತ್ತಿತ್ತು. ತಮ್ಮ ವಿಡಿಯೋ ಕಾಲ್ ಮಾಡಿ ತೋರಿಸಿದ. ಎತ್ತಿನ ಕೊಂಬಿಗೆ ಬಣ್ಣ ಸರಿಯಾಗಿ ಹಚ್ಚಿಲ್ಲ ಅಂತ ಅಪ್ಪ ಇಲ್ಲಿಂದಲೇ ಗದರಿದರು.

ಸಾರು ಅಮ್ಮನದು. ತೆಂಗಿನಕಾಯಿ, ಧನಿಯಾ, ಚಕ್ಕೆ, ಲವಂಗ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಹುರಿದ ಈರುಳ್ಳಿ ನುಣ್ಣಗೆ ರುಬ್ಬಿ ಕುದಿಸಿದರು. ಬೇಳೆಯನ್ನು ಕುಕ್ಕರಿಗೆ ಹಾಕಲು ಬಿಡಲಿಲ್ಲ, ಕರಗಿ ಹೋಗುತ್ತದೆ. ಮುದ್ದೆ ಕೋಲನ್ನು ಊರಿಂದಲೇ ಸೂಟ್‌ಕೇಸಿನಲ್ಲಿ ತಂದಿದ್ದರು.

ರಾತ್ರಿ ಎಲ್ಲರೂ ಹೊಟ್ಟೆ ತುಂಬ ಉಂಡೆವು. ಅಪ್ಪ ಮಾತ್ರ "ಪರವಾಗಿಲ್ಲ" ಅಂದರು, ಅಷ್ಟೇ. ಮಾರನೆಯ ದಿನ ಉಳಿದ ಸಾರು ಬಿಸಿ ಮಾಡಿ ದೋಸೆ ಜೊತೆ ಕೊಟ್ಟೆ. ಮಸಾಲೆಯೆಲ್ಲ ಬೇಳೆಗೆ ಹಿಡಿದು ಸಾರು ಗಟ್ಟಿಯಾಗಿತ್ತು. "ಇವತ್ತು ಬಂತು ನೋಡು ನಮ್ಮ ಮನೆ ರುಚಿ" ಅಂದು ಇನ್ನೆರಡು ದೋಸೆ ಹಾಕಿಸಿಕೊಂಡರು. ಅಂದಿನಿಂದ ಈ ಸಾರನ್ನು ಹಬ್ಬದ ಹಿಂದಿನ ರಾತ್ರಿಯೇ ಮಾಡಿಡುತ್ತೇನೆ. ಕಾಳು ಹಿತಕುವುದು ಮಗನ ಕೆಲಸ, ಈಗ ಒಂದೂ ಸೋಫಾ ಕೆಳಗೆ ಹೋಗುವುದಿಲ್ಲ.